ಬಾಲ್ಕನಿಗೆ ಕೈ ಬೀಸಿದ ಶನಿವಾರಗಳು

ನನ್ನ ಕಣ್ಣು ಒಂದೇ ಸಲ ಹೋದದ್ದಲ್ಲ. ಅಂಚಿನಿಂದ ಸವೆಯುತ್ತ ಬಂತು. ಮೊದಲು ಸಂಜೆಗಳು ಹೋದವು, ಆಮೇಲೆ ಪಕ್ಕದಲ್ಲಿ ನಿಂತವರು ಹೋದರು, ಕೊನೆಗೆ ಎದುರಿಗಿದ್ದವರ ಮುಖಗಳೂ ಹೋದವು. ಈಗ ಬೆಳಕು ಯಾವ ಕಡೆಯಿದೆ ಎಂಬಷ್ಟು ಮಾತ್ರ ತಿಳಿಯುತ್ತದೆ. ಕೆಲಸಕ್ಕೇನೂ ಆಗಲಿಲ್ಲ, ಇಲ್ಲಿ ಅಮೆರಿಕದಲ್ಲಿ, ಫ್ರೀಮಾಂಟಿನ ಆಫೀಸಿನಲ್ಲಿ, ಪರದೆಯ ಮೇಲಿರುವುದನ್ನು ಓದಿ ಹೇಳುವ ದನಿಯೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ಇವತ್ತಿಗೂ ಕೋಡ್ ಬರೆಯುತ್ತೇನೆ. ನಿಂತುಹೋದದ್ದು ಓಟ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನಾ ಓಡುತ್ತಿದ್ದವಳು, ಬಾಥೆಲ್‌ನ ನಮ್ಮ ಮನೆಯಲ್ಲಿ ಸೋಫಾದಿಂದ ಅಡುಗೆಮನೆಗೆ ಗೋಡೆ ಸವರಿಕೊಂಡು ಹೋಗುವವಳಾದೆ.

ಅಂಥ ಹೊತ್ತಿನಲ್ಲಿ ಆಫೀಸಿನವರೊಬ್ಬರು ಒಂದು ಓಟದ ಬಳಗದ ಸುದ್ದಿ ಹೇಳಿದರು. ಕಣ್ಣಿಲ್ಲದವರು, ಕೃತಕ ಕಾಲಿನವರು, ಗಾಲಿಕುರ್ಚಿಯವರು, ಯಾವ ಊನವೂ ಇಲ್ಲದವರು, ಎಲ್ಲರೂ ಶನಿವಾರ ಬೆಳಿಗ್ಗೆ ಸರೋವರದ ದಂಡೆಯಲ್ಲಿ ಸೇರಿ ಓಡುತ್ತಾರಂತೆ. ಗಂಡನಿಗೆ ಹೇಳಿದೆ.

"ಬಿದ್ದು ಕೈಕಾಲು ಮುರ್ಕೊಂಡ್ರೆ ಏನೇ ಮಾಡ್ತೀಯ?" ಎಂದ.

"ಕೂತು ಕೂತೇ ಮುರೀತಿದೆಯಲ್ಲ," ಎಂದೆ.

ಅವನು ಕಾರಿನ ಕೀ ತೆಗೆದುಕೊಂಡ.

ಬಳಗದವರು ನನಗೆ ಜೊತೆ ಮಾಡಿಕೊಟ್ಟದ್ದು ಒಬ್ಬ ಹಿರಿಯ ಹೆಂಗಸನ್ನು. ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಅವರ ದನಿ ಒಣಗಿದ ಮರದ ಹಾಗಿತ್ತು, ಬಡಿದರೆ ನಾದ ಬರುವಂಥದು. ಒಂದು ಮೊಳದ ಹಗ್ಗ. ಅದರ ಒಂದು ತುದಿ ನನ್ನ ಬೆರಳುಗಳಲ್ಲಿ, ಇನ್ನೊಂದು ಅವರ ಬೆರಳುಗಳಲ್ಲಿ. ಮೊದಲ ದಿನವೇ ಹೇಳಿದರು: "ನೋಡು, ನಿನ್ನ ಹೆಜ್ಜೆ ಬೀಳೋದು ನೆಲದ ಮೇಲಲ್ಲ, ನನ್ನ ಮಾತಿನ ಮೇಲೆ. ಅದಕ್ಕೇ ನಾನು ಕಂಡದ್ದನ್ನ ಮಾತ್ರ ಹೇಳ್ತೀನಿ." ಅವರು ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ನನ್ನ ನೆನಪಿನಲ್ಲಿ ಅದೆಲ್ಲ ಕನ್ನಡವಾಗಿಯೇ ಕೂತುಬಿಟ್ಟಿದೆ.

ನಾವು ಓಡುವ ಹಾದಿ ಹಿಂದೆ ರೈಲು ಹಳಿಯಿದ್ದದ್ದು. ಒಂದು ಕಡೆ ನೀರು, ಇನ್ನೊಂದು ಕಡೆ ದಿನ್ನೆ, ದಿನ್ನೆಯ ಮೇಲೆ ಮನೆಗಳು. ಮುಂದೆ ಬೇರು ಉಬ್ಬಿದೆ, ಎಡಕ್ಕೆ ಸರಿ, ಸೈಕಲ್ ಬರ್ತಿದೆ ಎನ್ನುವುದರ ನಡುವೆ ಅವರು ಬೇರೆಯದನ್ನೂ ಹೇಳುತ್ತಿದ್ದರು. ಕೊಕ್ಕರೆಯೊಂದು ಒಂಟಿಕಾಲಲ್ಲಿ ನಿಂತಿದೆ. ಯಾರೋ ಒಬ್ಬ ದೋಣಿಗೆ ಕೆಂಪು ಬಣ್ಣ ಬಳಿಯುತ್ತಿದ್ದಾನೆ, ಅರ್ಧ ಬಣ್ಣ ಅವನ ಪ್ಯಾಂಟಿನ ಮೇಲೇ ಇದೆ. ನಾನು ನಗುತ್ತ ಓಡುತ್ತಿದ್ದೆ. ಕಣ್ಣು ಹೋದಮೇಲೆ ಊರು ನನಗೆ ಮತ್ತೆ ಸಿಕ್ಕಿದ್ದು ಹಾಗೆ.

ಮರದ ಸೇತುವೆಯೊಂದು ಕಾಲಡಿಗೆ ಡಬಡಬ ಎನ್ನುತ್ತದೆ. ಅದನ್ನು ದಾಟಿದ ಕೂಡಲೇ ಒಂದು ತಿರುವು. ಅಲ್ಲಿ ಅವರು ಪ್ರತಿ ಸಲವೂ ಹಗ್ಗವನ್ನು ಸ್ವಲ್ಪ ಹಿಡಿದೆಳೆದು ನಿಧಾನ ಮಾಡುತ್ತಿದ್ದರು.

"ಮೇಲೆ, ಬಲಗಡೆ. ಹಳದಿ ಮನೆ. ಬಾಲ್ಕನಿಯಲ್ಲಿ ಬಂದು ಕೂತಿದಾಳೆ. ಕೈ ಬೀಸ್ತಿದಾಳೆ, ನೀನೂ ಬೀಸು."

ನಾನು ಬಲಗೈ ಎತ್ತಿ ಬೀಸುತ್ತಿದ್ದೆ. ಯಾರು ಎಂದು ಒಮ್ಮೆ ಕೇಳಿದ್ದಕ್ಕೆ, "ನಮ್ಮ ಬಳಗದವಳೇ. ಈಗ ಇಳಿದು ಬರೋಕಾಗಲ್ಲ," ಎಂದರು. ಅಷ್ಟು ಸಾಕಾಗಿತ್ತು. ಇವತ್ತು ನೀಲಿ ಶಾಲು ಹೊದ್ದಿದ್ದಾಳೆ, ಇವತ್ತು ಬೆಕ್ಕು ತೊಡೆಯ ಮೇಲಿದೆ, ಇವತ್ತು ಕೂದಲು ಕಟ್ಟಿಕೊಂಡಿಲ್ಲ ಎಂದೆಲ್ಲ ಹೇಳುತ್ತಿದ್ದರು. ವರ್ಷಗಳ ಕಾಲ, ಮಳೆಯಲ್ಲಿ, ಮಂಜಿನಲ್ಲಿ, ಆ ಹೆಂಗಸಿಗೆ ನಾನು ಕೈ ಬೀಸಿದೆ. ನನ್ನೊಳಗೆ ಅವಳಿಗೊಂದು ಮುಖವೂ ಮೂಡಿತು: ಅಗಲ ಹಣೆ, ಸ್ವಲ್ಪ ತೆರೆದ ತುಟಿ, ಏನನ್ನೋ ಕೇಳಲು ಹೊರಟು ಮರೆತಂತಿರುವ ಕಣ್ಣು.

ಬೇಸಿಗೆಯ ಕೊನೆಯಲ್ಲಿ ಇಲ್ಲಿ ಕೆಲವು ಸಲ ಕಾಡ್ಗಿಚ್ಚಿನ ಹೊಗೆ ಬಂದು ಕವಿಯುತ್ತದೆ. ಆಗ ಓಟವಿಲ್ಲ. ಆದರೆ ಓಟವಿಲ್ಲದ ಶನಿವಾರ ಒಬ್ಬರಿಗೊಬ್ಬರು ಫೋನ್ ಮಾಡಲೇಬೇಕು ಎಂಬುದು ಬಳಗದ ಕಟ್ಟಳೆ. ಮೈ ಕೈಕೊಟ್ಟವರು ಮನೆ ಹಿಡಿದರೆ ಹಾಗೆಯೇ ಕಣ್ಮರೆಯಾಗಿಬಿಡುತ್ತಾರೆ, ಬಿಡಬಾರದು ಎಂದು. ಅಂಥ ಒಂದು ಬೆಳಿಗ್ಗೆ ಫೋನಿನಲ್ಲಿ ಅದೂ ಇದೂ ಮಾತಾಡಿದ ಮೇಲೆ ನನ್ನ ಜೊತೆಗಾತಿ, "ಇವತ್ತು ಯಾಕೆ ಯಾರೂ ಬರಲಿಲ್ಲ ಅಂತ ಅವಳು ದಾರಿ ನೋಡ್ತಿರ್ತಾಳೆ," ಎಂದರು. ಹೊಗೆಯಲ್ಲಿ ಬಾಲ್ಕನಿಗೆ ಯಾರಾದರೂ ಬರುತ್ತಾರೆಯೇ ಎಂದು ನನಗೆ ಆಗ ಹೊಳೆಯಲಿಲ್ಲ.

ಹೋದ ವರ್ಷ ಅವರ ಸೊಂಟದ ಕೀಲು ಕೆಟ್ಟಿತು. ಓಡುವುದಿರಲಿ, ಮೆಟ್ಟಿಲು ಹತ್ತುವುದೂ ಕಷ್ಟವಾಗಿ, ಬೆಟ್ಟಗಳಾಚೆ ಯಾಕಿಮಾದಲ್ಲಿರುವ ಮಗನ ಮನೆಗೆ ಹೋದರು. ಹೊರಡುವ ಮುಂಚೆ ಹಗ್ಗವನ್ನು ನನ್ನ ಕೈಯಲ್ಲಿಟ್ಟು, "ಶನಿವಾರ ಓಟ ಮುಗಿದ ಮೇಲೆ ಫೋನ್ ಮಾಡು. ತಪ್ಪಿಸಬೇಡ," ಎಂದರು.

ಅವರ ಬದಲಿಗೆ ಬಂದವಳು ಬೆಂಗಳೂರಿನ ಹುಡುಗಿ, ನನ್ನದೇ ಆಫೀಸಿನ ಇನ್ನೊಂದು ಮಹಡಿಯವಳು. ಮೊದಲ ಓಟದ ದಿನ ತುಂಬ ಹೆದರಿದ್ದಳು. "ಅಕ್ಕ, ನಾನೇನಾದ್ರೂ ಮಿಸ್ ಮಾಡಿದ್ರೆ ತಕ್ಷಣ ಬೈದ್ಬಿಡಿ," ಎಂದು ಹೊರಡುವ ಮುಂಚೆಯೇ ಹೇಳಿಕೊಂಡಳು. ಸೇತುವೆ ಡಬಡಬ ಎಂದಿತು. ತಿರುವು ಬಂತು. ಅಭ್ಯಾಸದಂತೆ ನಾನು ನಿಧಾನಿಸಿ ಬಲಗೈ ಎತ್ತಿದೆ.

"ಅಕ್ಕ, ಯಾರಿಗೆ ವೇವ್ ಮಾಡ್ತಿದೀರ?"

"ಮೇಲೆ ಹಳದಿ ಮನೆ ಬಾಲ್ಕನಿಯಲ್ಲಿ ಒಬ್ಬರು ಕೂತಿರ್ತಾರೆ, ನೋಡು. ಇವತ್ತು ಬಂದಿಲ್ವ?"

"ಇಲ್ಲಿ ಮನೆ ಯಾವ್ದೂ ಇಲ್ವಲ್ಲ ಅಕ್ಕ."

"ಸರಿಯಾಗಿ ನೋಡು. ಬಲಗಡೆ."

"ನೋಡ್ತಾನೇ ಇದೀನಿ. ಫೆನ್ಸ್ ಹಾಕಿದಾರೆ. ಒಳಗೆಲ್ಲ ಬರೀ ಮುಳ್ಳುಪೊದೆ. ಮೆಟ್ಟಿಲು ಥರ ಏನೋ ಕಲ್ಲಿದೆ, ಅದು ಮೇಲ್ಗಡೆ ಎಲ್ಲಿಗೂ ಹೋಗಲ್ಲ."

ನನ್ನ ಕೈ ಇನ್ನೂ ಮೇಲೇ ಇತ್ತು. ಅದನ್ನು ಇಳಿಸುವುದು ಹೇಗೆ ಎಂದು ತೋಚಲಿಲ್ಲ. ಮೇಲಿನಿಂದ ಯಾರೋ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಮನೆಯೇ ಇಲ್ಲವೆಂದು ಗೊತ್ತಾದ ಆ ಗಳಿಗೆಯಲ್ಲೇ ಮೊಟ್ಟಮೊದಲ ಸಲ ಹಾಗನ್ನಿಸಿದ್ದು.

ಉಳಿದ ದಾರಿಯುದ್ದಕ್ಕೂ ಆ ಹುಡುಗಿಯನ್ನು ಕೇಳುತ್ತ ಹೋದೆ. ಇಲ್ಲಿ ದೋಣಿಗಳ ಕಟ್ಟೆ ಇದೆಯಾ? ಇದೆ ಅಕ್ಕ. ಕೆಂಪು ದೋಣಿ? ಇದೆ. ನೀರಿನ ಕಡೆ ಬಾಗಿದ ಮರ? ಅದೂ ಇದೆ. ಎಲ್ಲವೂ ಇತ್ತು, ಆ ಮನೆಯೊಂದನ್ನು ಬಿಟ್ಟು. ನನಗೆ ಸಿಟ್ಟು ಬಂತು. ಕಣ್ಣಿಲ್ಲದವಳನ್ನು ದಾರಿಯಲ್ಲಿ ನಿಲ್ಲಿಸಿ ಬಯಲಿಗೆ ಕೈ ಬೀಸಿಸುವುದೆಂದರೇನು? ಆ ದನಿಯನ್ನು ನಂಬಿ ನಾನು ಇಳಿಜಾರಿನಲ್ಲಿ ಜೋರಾಗಿ ಓಡಿದ್ದೆ, ಹಳ್ಳಗಳನ್ನು ಹಾರಿದ್ದೆ.

ಓಟದ ನಂತರ ಎಲ್ಲರೂ ಕಾಫಿಗೆ ಕೂರುತ್ತೇವೆ. ಗಾಲಿಕುರ್ಚಿಯಲ್ಲಿ ಓಟಕ್ಕೆ ಬರುವ ಹಿರಿಯರೊಬ್ಬರಿದ್ದಾರೆ, ಬಳಗ ಶುರುವಾದಾಗಿನಿಂದ ಇರುವವರು. ಬಾಲ್ಕನಿಯವಳ ಬಗ್ಗೆ ಅವರನ್ನು ಕೇಳಿದೆ. ಲೋಟ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು.

"ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ," ಎಂದರು. "ಅದು ನಿನ್ನ ಜೊತೆ ಓಡ್ತಿದ್ದವಳ ತಂಗಿ."

ತಂಗಿಗೆ ನರಗಳ ಕಾಯಿಲೆಯಿತ್ತಂತೆ. ಮೊದಲು ಓಡುತ್ತಿದ್ದಳು, ಆಮೇಲೆ ಕುರ್ಚಿಯಲ್ಲಿ ಬರುತ್ತಿದ್ದಳು, ಆಮೇಲೆ ಅದೂ ಆಗದೆ ಮನೆಯಲ್ಲೇ ಉಳಿದಳು. ಅವಳು ಬಳಗದಿಂದ ತಪ್ಪಿಹೋಗಬಾರದೆಂದು ಎಲ್ಲರೂ ಓಟದ ದಾರಿಯನ್ನೇ ಬದಲಿಸಿ ಅವಳ ಮನೆಯ ಕೆಳಗೆ ಹಾದುಹೋಗತೊಡಗಿದರು. ಶನಿವಾರ ಬೆಳಿಗ್ಗೆ ಅಕ್ಕ ಅವಳನ್ನು ಎಬ್ಬಿಸಿ, ಶಾಲು ಹೊದಿಸಿ, ಬಾಲ್ಕನಿಯಲ್ಲಿ ಕೂರಿಸಿ ಓಟಕ್ಕೆ ಬರುತ್ತಿದ್ದರು. ಹಾದುಹೋಗುವ ಪ್ರತಿಯೊಬ್ಬರಿಗೂ ಅವಳು ಕೈ ಬೀಸುತ್ತಿದ್ದಳು. ಕೊನೆಕೊನೆಗೆ ಬೆರಳು ಮಾತ್ರ ಆಡುತ್ತಿತ್ತು. ಅವಳು ತೀರಿಕೊಂಡ ಮೇಲೆ ಮನೆ ಮಾರಿಹೋಯಿತು. ಕೊಂಡವರು ಕೆಡವಿದರು, ಯಾಕೋ ಮತ್ತೆ ಕಟ್ಟಲಿಲ್ಲ.

"ಇದೆಲ್ಲ ಯಾವಾಗ?"

"ನೀನು ಬರೋಕೆ ಎಷ್ಟೋ ಮುಂಚೆ," ಎಂದರು.

ಆ ಶನಿವಾರ ನಾನು ಫೋನ್ ಮಾಡಲಿಲ್ಲ. ಅದರ ಮುಂದಿನ ಶನಿವಾರವೂ ಮಾಡಲಿಲ್ಲ. ಅವರ ಕಡೆಯಿಂದ ಫೋನ್ ಬಂದಾಗ ಮೇಜಿನ ಮೇಲೆ ಅದು ನಡುಗುವುದನ್ನು ಕೇಳುತ್ತ ಕೂತೆ. ಕೊನೆಗೆ ಗಂಡನೇ, "ಅಷ್ಟು ವಯಸ್ಸಾದವ್ರು, ಎತ್ತಿ ಎರಡು ಮಾತಾಡು. ಜಗಳಾನೇ ಆಡು, ಪರವಾಗಿಲ್ಲ," ಎಂದು ಫೋನನ್ನು ತಂದು ಕೈಗೆ ಕೊಟ್ಟ.

ನಾನು ಸುತ್ತಿಬಳಸಲಿಲ್ಲ. "ಬಾಲ್ಕನಿಯಲ್ಲಿ ಯಾರೂ ಇರಲಿಲ್ಲ. ಬಾಲ್ಕನಿಯೇ ಇರಲಿಲ್ಲ. ಕಂಡದ್ದು ಮಾತ್ರ ಹೇಳ್ತೀನಿ ಅಂದಿದ್ರಿ," ಎಂದೆ.

"ಕಂಡದ್ದೇ ಹೇಳಿದೆ," ಎಂದರು. "ಮನೆ ಕೆಡವಿದ ಮೇಲೂ ಅವಳು ಕಾಣ್ತಿದ್ದಳು. ದೆವ್ವ ಅನ್ನಬೇಡ. ದೆವ್ವದ ಥರ ಅಲ್ಲ. ಕೂತಿರ್ತಿದ್ದಳು, ಅಷ್ಟೇ. ನಾನೊಬ್ಬಳೇ ಪೊದೆ ಕಡೆ ಕೈ ಬೀಸಿದ್ರೆ ಜನ ಏನಂತಾರೆ ಹೇಳು. ಕೈ ಜೇಬಲ್ಲಿಟ್ಟುಕೊಂಡು ಹೋಗ್ತಿದ್ದೆ. ಆಗ ಅವಳ ಮುಖ ಸಣ್ಣಗಾಗೋದು. ಆಮೇಲೆ ನೀನು ಬಂದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡೆ.

"ಇನ್ನೊಂದು ಹೇಳಿಬಿಡ್ತೀನಿ. ಕೊನೆಯ ವರ್ಷ ನನಗೂ ಕಾಣಿಸೋದು ನಿಂತುಹೋಗಿತ್ತು. ಬರೀ ಪೊದೆ. ಶಾಲಿನ ಬಣ್ಣ ಎಲ್ಲ ನೆನಪಿಂದ ಹೇಳ್ತಿದ್ದೆ. ಅದೊಂದು ವರ್ಷ ಸುಳ್ಳು, ಒಪ್ತೀನಿ. ಆಗ ನಾನು ಮೇಲೆ ನೋಡ್ತಿರಲಿಲ್ಲ, ನಿನ್ನ ಮುಖ ನೋಡ್ತಿದ್ದೆ. ನೀನು ಕೈ ಎತ್ತಿದಾಗ ಗುರುತಿನವರು ಸಿಕ್ಕಿದ ಹಾಗೆ ನಗ್ತಿದ್ದೆ. ಅವಳು ಅಲ್ಲೇ ಇದಾಳೆ, ನಿನಗೆ ಕಾಣ್ತಿದಾಳೆ ಅನ್ನಿಸೋದು."

ಸಿಟ್ಟು ಇಳಿಯಿತು ಎಂದರೆ ಪೂರ್ತಿ ನಿಜವಲ್ಲ. ಇಳಿದ ಜಾಗದಲ್ಲಿ ಬೇರೊಂದು ಬಂದು ಕೂತಿತು, ಅದಕ್ಕೆ ನನ್ನಲ್ಲಿ ಹೆಸರಿಲ್ಲ. ನಾವಿಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ಅವರು ಹೊಸ ಹುಡುಗಿಯ ಹೆಜ್ಜೆ ಹೇಗೆ, ಹಗ್ಗ ಬಿಗಿಯಾಗಿ ಹಿಡಿಯುತ್ತಾಳಾ, ಸಡಿಲವಾಗಿಯಾ ಎಂದು ವಿಚಾರಿಸಿದರು. ಅವತ್ತಿನಿಂದ ಒಂದು ಶನಿವಾರವೂ ಫೋನ್ ತಪ್ಪಿಲ್ಲ. ಈಗ ಅವರ ಕಿವಿಯೂ ಮಂದವಾಗುತ್ತಿದೆ. ನಾನು ಜೋರಾಗಿ ಮಾತಾಡುತ್ತೇನೆ, ಗಂಡ ಪಕ್ಕದ ಕೋಣೆಯಿಂದ ನಗುತ್ತಾನೆ.

ಬಳಗದವರು ದಾರಿ ಬದಲಿಸೋಣವೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ. ಆ ತಿರುವಿನಲ್ಲಿ ಈಗ ನಾನು ಕೈ ಎತ್ತುವುದಿಲ್ಲ. ಎತ್ತದ ಕೈ ಭುಜದವರೆಗೂ ಭಾರವಾಗುತ್ತದೆ. ಜೊತೆಗಿರುವ ಹುಡುಗಿಗೆ ಎಲ್ಲ ಗೊತ್ತು. ಅಲ್ಲಿ ಅವಳು ಮಾತು ನಿಲ್ಲಿಸುತ್ತಾಳೆ, ಇಬ್ಬರ ಉಸಿರು ಮಾತ್ರ ಕೇಳುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ಇನ್ನೊಂದು. ಕಣ್ಣಿದ್ದಾಗ ಕಂಡ ಮುಖಗಳು ಈಗ ಒಂದೊಂದಾಗಿ ಮಾಸುತ್ತಿವೆ. ಅಮ್ಮನ ಮೂಗುತಿ ನೆನಪಿದೆ, ಮೂಗು ನೆನಪಿಲ್ಲ. ಮಗಳು ಚಿಕ್ಕವಳಿದ್ದಾಗಿನ ಮುಖ ನೀರೊಳಗಿನ ಕಲ್ಲಿನ ಹಾಗೆ ಅಲುಗಾಡುತ್ತದೆ. ಆದರೆ ಎಂದೂ ಕಾಣದ, ನಾನು ಈ ಊರಿನ ಹಾದಿಗಿಳಿಯುವ ಮೊದಲೇ ಸತ್ತುಹೋಗಿದ್ದ ಆ ಹೆಂಗಸಿನ ಮುಖ ಮಾತ್ರ ಸ್ಪಷ್ಟವಾಗಿದೆ. ಹಗಲಲ್ಲೂ ಬರುತ್ತದೆ. ಸಾರಿಗೆ ಒಗ್ಗರಣೆ ಹಾಕುವಾಗ, ಮೀಟಿಂಗಿನ ನಡುವೆ, ಆ ಅಗಲ ಹಣೆ, ಆ ತೆರೆದ ತುಟಿ. ಜೊತೆಗೆ ಓಡುವ ಹುಡುಗಿಗೂ ಆ ಮುಖವನ್ನು ಎಷ್ಟೋ ಸಲ ಬಣ್ಣಿಸಿದ್ದೇನೆ.

ಮೊನ್ನೆ ಕಾಫಿಗೆ ಕೂತಾಗ ಗಾಲಿಕುರ್ಚಿಯ ಹಿರಿಯರು ತಾವಾಗಿಯೇ ಹೇಳಿದರು: "ಅವಳದೊಂದು ಹಳೇ ಫೋಟೋ ನನ್ನ ಫೋನಲ್ಲಿದೆ. ನೋಡೋಕೆ ಹೇಗಿದ್ದಳು ಅಂತ ಹೇಳಲಾ?"

ಬೆಂಗಳೂರಿನ ಹುಡುಗಿ ಆಗಲೇ ಫೋನಿನ ಕಡೆ ಬಾಗಿದ್ದಳು. ಅವಳ ಉಸಿರು ತಟ್ಟನೆ ನಿಂತದ್ದು ನನಗೆ ಕೇಳಿಸಿತು.

"ಅಕ್ಕ, ನೀವು ಹೇಳ್ತಿದ್ರಲ್ಲ, ಆ ಹಣೆ..." ಎಂದಳು.

"ಬೇಡ ಕಣೆ," ಎಂದೆ. "ಹೇಳಬೇಡ."