ಹೆಳವನಿಗೆ ನಾನು ಹೇಳಿದ ಸುಳ್ಳು

ಅಣ್ಣಾ, ನೀನು ಬದುಕಿದ್ದಾಗಲೇ ನಿನ್ನನ್ನು ಸತ್ತವರ ಸಾಲಿನಲ್ಲಿ ಬರೆಸಿದವಳು ನಾನು. ಅದು ನಿನಗೆ ಗೊತ್ತಾಗಲಿಲ್ಲ. ಗೊತ್ತಾಗದಂತೆ ನಾನೇ ನೋಡಿಕೊಂಡೆ. ಈಗ ನೀನು ನಿಜವಾಗಿಯೂ ಇಲ್ಲ — ಕೇಳಬೇಕಾದವನು ಹೋದ ಮೇಲೆ ಬರೆಯುತ್ತಿದ್ದೇನೆ.

ಬೀಳಗಿ ಸೀಮೆಯ ನಮ್ಮ ಊರಿಗೆ ಹಿನ್ನೀರು ಬರುವ ಮುಂಚಿನ ಕೊನೆಯ ಸುಗ್ಗಿ ಅದು. ಬೇರೆ ದಿನಗಳ ಹಾಗೆಯೇ ಇತ್ತು ಆ ದಿನ. ಅವ್ವ ಹೊಲಕ್ಕೆ ಹೋಗಿದ್ದಳು. ನಾನು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದೆ. ಅಪ್ಪ ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದ. ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಬೀದಿಯಲ್ಲಿ ಎತ್ತಿನ ಗಂಟೆ ಕೇಳಿಸಿತು. ಹೆಳವರ ಮಲ್ಲಪ್ಪ ಕಾಕಾ ಬಂದಿದ್ದ.

ಕೆಲವು ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಬಂದು, ನಮ್ಮ ಮನೆತನದಲ್ಲಿ ಹುಟ್ಟಿದವರ, ಸತ್ತವರ ಹೆಸರು ಹೇಳಿ, ಹೊಸದನ್ನು ಬರೆದುಕೊಂಡು, ಕಾಳು ಪಡೆದು ಹೋಗುವುದು ಅವರ ಮನೆತನದ ಕೆಲಸ. ಊರಲ್ಲಿ ನಮ್ಮದು ಹಿರಿಮನೆ. ಮೊದಲು ನಮ್ಮಲ್ಲಿಗೇ ಬರಬೇಕು. ಇಲ್ಲಿ ಹೇಳಿದ್ದನ್ನು ಉಳಿದ ಮನೆಯವರು ಅಲ್ಲಗಳೆಯುತ್ತಿರಲಿಲ್ಲ.

ಕಾಕಾ ಪ್ರತಿ ಸಲವೂ ಒಂದೇ ವರ್ಷದಿಂದ ಶುರುಮಾಡುತ್ತಿದ್ದ. "ವಿಜಾಪುರದ ಬಾದಶಾನ ಕೊಂದ ವರ್ಷರೀ. ಒಂಬತ್ತು ವರ್ಷದ ಕೂಸಿನ್ನ ಗಾದಿ ಮ್ಯಾಲ ಕುಂಡ್ರಿಸಿದ ವರ್ಷ. ನಿಮ್ಮ ಮೂಲಪುರುಷ ನಿಂಗಪ್ಪ ಎರಡ ಎತ್ತ ಹೊಡಕೊಂಡು ಕೃಷ್ಣಾ ದಂಡಿಗಿ ಬಂದ ವರ್ಷ. ಬರೂ ದಾರ್ಯಾಗ ಹಾವು ಮುಟ್ಟಿ ಹಿರೀಮಗ ಸಿದ್ದ ಸತ್ತ. ಇಲ್ಲಿ ಬಂದು ಗುಡಸಲಾ ಹಾಕಿದ ಮ್ಯಾಲ ಕಿರೀಮಗ ಬಸಪ್ಪ ಹುಟ್ಟಿದ."

ಸಣ್ಣವನಿದ್ದಾಗ ನೀನು ಅವನನ್ನು ಕೆಣಕುತ್ತಿದ್ದೆ. "ಕಾಕಾ, ಬಾದಶಾ ಸತ್ತಾಗ ನೀ ಮಣ್ಣಿಗಿ ಹೋಗಿದ್ದೇನ?"

"ಹೋಗಿದ್ನಲ್ಲೋ, ನಿಮ್ಮ ಮುತ್ಯಾನ ಹೆಗಲ ಮ್ಯಾಲ ಕುಂತು! ನೀನೂ ಬಂದಿದ್ದಿ, ಉಂಡಿ ಕೇಳಿ ಅಳಾಕತ್ತಿದ್ದಿ."

ಆ ದಿನ ನೀನಿರಲಿಲ್ಲ. ಬೇರೆ ಜಾತಿಯ, ಬನಹಟ್ಟಿಯ ನೇಕಾರರ ಮಗಳು ಗಿರಿಜೆಯನ್ನು ಮದುವೆಯಾಗಿ, ಅಲ್ಲೇ ಮಗ್ಗದ ಕೆಲಸಕ್ಕೆ ನಿಂತು ಎಂಟು ತಿಂಗಳಾಗಿತ್ತು. ನಮ್ಮವರು ನಿನ್ನ ಹೆಸರು ಎತ್ತುತ್ತಿರಲಿಲ್ಲ. ಅದೇ ಹೊತ್ತಿಗೆ ಲೋಕಾಪುರದ ಕಡೆಯಿಂದ ನನಗೊಂದು ಸಂಬಂಧ ಬಂದಿತ್ತು. ಆ ಮನೆಗೂ ಇದೇ ಹೆಳವ. ಇವನು ಅಲ್ಲಿಗೆ ಹೋದಾಗ ನಮ್ಮ ಮನೆತನ ಹೇಗೆ ಎಂದು ಇವನನ್ನೇ ಕೇಳುತ್ತಾರೆ —

ಕಾಕಾ ಎಲ್ಲ ತಲೆಮಾರುಗಳನ್ನು ದಾಟಿ ಅಪ್ಪನ ಹೆಸರಿಗೆ ಬಂದ. ಆಮೇಲೆ ನಿನ್ನ ಹೆಸರು. "ಸಂಗಪ್ಪ ಎಲ್ಲದಾನಬೇ, ಕಾಣವಲ್ಲ? ಮದುವಿ ಆತೇನು?"

"ತೀರಿಕೊಂಡ," ಎಂದೆ.

"ಅಯ್ಯ ಶಿವನ! ಮಕ್ಕಳು?"

"ಇಲ್ಲ."

ಯೋಚಿಸಿಟ್ಟ ಮಾತಲ್ಲ. ಬಾಯಿಗೆ ಬಂತು, ಆಡಿದೆ. ಹಿಂದಕ್ಕೆ ತೆಗೆದುಕೊಳ್ಳಲು ಬೇಕಾದಷ್ಟು ಹೊತ್ತಿತ್ತು — ಅವನು ಪೆನ್ನು ಹುಡುಕಿದ, ಹೆಗಲ ಮೇಲಿನ ವಲ್ಲಿಯಿಂದ ಕಣ್ಣು ಒರೆಸಿಕೊಂಡ. ನಾನು ಮತ್ತೆ ಮೆಣಸಿನಕಾಯಿ ಹರವತೊಡಗಿದೆ. ಅವನು ಅಪ್ಪನ ಕಡೆ ತಿರುಗಿ "ಖರೇನ್ರೀ ಯಪ್ಪಾ?" ಎಂದ. ಅಪ್ಪನಿಗೆ ಎಲ್ಲವೂ ಕೇಳಿಸಿತ್ತು. ಗಂಟಲಿನಿಂದ ಏನೋ ಸದ್ದು ಬಂತು. ಎಡಗೈ ಎತ್ತಿದ. ಕಣ್ಣಿನಿಂದ ನೀರು ಇಳಿಯಿತು. ಮಗ ಹೋದ ದುಃಖವೆಂದು ತಿಳಿದು ಕಾಕಾ ಆ ಕೈ ಹಿಡಿದುಕೊಂಡು, "ಸಮಾಧಾನ ಮಾಡ್ಕೋರಿ" ಎಂದ. ನಿನ್ನ ಹೆಸರಿನ ಕೆಳಗೆ ಅಡ್ಡಗೆರೆ ಎಳೆದ. ವಂಶ ಅಲ್ಲಿಗೆ ನಿಂತಿತು ಎಂಬುದಕ್ಕೆ ಅವರ ಗುರುತು ಅದು. ನಾನು ಮೊರದ ತುಂಬ ಜೋಳ ಕೊಟ್ಟೆ.

ಅಪ್ಪ ಆಮೇಲೆ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ಅವ್ವ ಕುಡಿಸಬೇಕಾಯಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ, ನಾನೂ ಹೇಳಲಿಲ್ಲ. ನನ್ನ ಮದುವೆ ಆಯಿತು. ಅಪ್ಪ ಹೋದ. ಎರಡಕ್ಕೂ ನಿನ್ನನ್ನು ಯಾರೂ ಕರೆಯಲಿಲ್ಲ. ಊರಿಗೆ ನೀರು ಬಂತು.

ನೀನು ನನ್ನ ಮನೆಗೆ ಎಂದೂ ಬರಲಿಲ್ಲ. ನಾನು ಕರೆಯಲೂ ಇಲ್ಲ. ಬೇರೆ ಜಾತಿಯವಳನ್ನು ಮಾಡಿಕೊಂಡ ಸಿಟ್ಟು ಗಂಡನ ಮನೆಯವರಿಗೆ ಇರಬೇಕೆಂದು ನೀನು ತಿಳಿದಿದ್ದೆ. ಹೆಳವನ ಮಾತು ನಂಬಿ ಅವರು ನೀನು ಸತ್ತಿರುವೆಯೆಂದು ತಿಳಿದಿದ್ದರು. ವರ್ಷಕ್ಕೊಮ್ಮೆ ಮಹಾಲಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಭೇಟಿಯಾಗುತ್ತಿದ್ದೆವು. ನೀನು ನನಗೆ ಕುಪ್ಪಸದ ಬಟ್ಟೆ ತಂದುಕೊಡುತ್ತಿದ್ದೆ, ನೀನೇ ನೇಯ್ದದ್ದು. ನಿನಗೆ ಮಗ ಹುಟ್ಟಿದ ವರ್ಷ ನೀನು ಕೇಳಿದೆ: "ಹೆಳವ ಬಂದಿದ್ನೇನ ತಂಗೀ? ನಮ್ಮ ಮಹೇಶನ ಹೆಸರು ಬರಸಬೇಕು."

"ಇನ್ನ ಬಂದಿಲ್ಲಣ್ಣ."

ಮರುವರ್ಷವೂ ಕೇಳಿದೆ. ಅದರ ಮುಂದಿನ ವರ್ಷವೂ. "ಊರ ಮುಳುಗಿದ್ಕ ಆಂವಗ ದಾರಿ ತಪ್ಪಿರಬೇಕ ಬಿಡು," ಎಂದು ನೀನೇ ನಕ್ಕೆ. ನಾನೂ ನಕ್ಕೆ ಎಂದು ನೆನಪು.

ಹೋದ ತಿಂಗಳು ನೀನು ಮಗ್ಗದ ಮುಂದೆಯೇ ಕುಸಿದೆಯಂತೆ. ನಾನು ಮಣ್ಣಿಗೆ ಬಂದಿದ್ದೆ. ಗಂಡನ ಮನೆಯಲ್ಲಿ ಗೆಳತಿಯ ಅಣ್ಣ ತೀರಿಕೊಂಡ ಎಂದು ಹೇಳಿ ಬಂದಿದ್ದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ವಾರದ ಮೇಲೆ ಮಲ್ಲಪ್ಪ ಕಾಕಾನ ಊರು ಹುಡುಕಿಕೊಂಡು ಹೋದೆ. ಮುದುಕನಾಗಿದ್ದಾನೆ. ಎಲ್ಲವನ್ನೂ ಹೇಳಿದೆ. ಅವನು ಪುಸ್ತಕ ತೆಗೆದು, ನಿನ್ನ ಹೆಸರಿನ ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ. "ಸತ್ತಾಂವಗ ಹುಟ್ಟಿದ ಕೂಸಿನ್ನ ಎಲ್ಲಿ ಬರೀಲಿ, ನೀನ ಹೇಳು. ಇದನ್ನ ನಿಮ್ಮ ಬಳಗದ ಮನಿ ಮನಿಯಾಗ ಓದೇನಿ. ನನ್ನ ಕಿವ್ಯಾಗ ಹೇಳಿದ್ರ ತಿದ್ದಾಕ ಬರೂದಿಲ್ಲ. ಬಳಗ ಕೂಡಸು, ಎಲ್ಲಾರ ಮುಂದ ಹೇಳು. ಅವತ್ತ ತಿದ್ದತೇನಿ."

ನಾಲ್ಕುನೂರು ವರ್ಷದ ಹಿಂದೆ ದಾರಿಯಲ್ಲಿ ಸತ್ತ ಒಂದು ಕೂಸಿನ ಹೆಸರನ್ನು ಅವರ ಮನೆತನ ಕೆಳಗೆ ಬೀಳದಂತೆ ಹೊತ್ತು ತಂದಿದೆ. ನಾನು, ಒಡಹುಟ್ಟಿದವಳು —

ಮೊನ್ನೆ ಗಂಡನಿಗೆ ಹೇಳಿದೆ. ತಾಟಿನಲ್ಲಿ ಕೈ ತೊಳೆದು ಎದ್ದರು. "ಇಷ್ಟ ವರ್ಷ ಮುಚ್ಚಿಟ್ಟಿದ್ದಿ, ಇನ್ನ ಮುಂದೂ ಮುಚ್ಚಿಡಾಕ ಆಗೂದಿಲ್ಲೇನು?" ಎಂದು ಕೇಳಿದರು. ಆಗುತ್ತದೆ. ಅದು ನನಗೆ ಚೆನ್ನಾಗಿ ಬರುತ್ತದೆ. ಅದಕ್ಕೇ ಬರುವ ಸೋಮವಾರ ಬರಲು ಬಳಗದವರಿಗೆ ಹೇಳಿ ಕಳಿಸಿದ್ದೇನೆ. ಮೂರು ಪುನರ್ವಸತಿ ಕೇಂದ್ರಗಳಲ್ಲಿ ಚದುರಿದ್ದಾರೆ. ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಗಿರಿಜೆಗೂ ಹೇಳಿದ್ದೇನೆ, ಯಾಕೆಂದು ಮಾತ್ರ ಇನ್ನೂ ಹೇಳಿಲ್ಲ.

ಮಹೇಶನಿಗೆ ಈಗ ಹನ್ನೊಂದು ವರ್ಷ. ನಮ್ಮ ಮನೆತನದ ಪುಸ್ತಕದಲ್ಲಿ ಅವನ ಹೆಸರಿಲ್ಲ.