ಎರಡು ಸಲ ಒರೆಸಿದ ರಿಂಗುಗಳು

ಊರಿನ ಗೋಡೆಗಳ ತುಂಬ ಸಾಫ್ಟ್‌ವೇರ್ ಕೋರ್ಸಿನ ಪೋಸ್ಟರುಗಳಿದ್ದ ಕಾಲ ಅದು. ಅಲ್ಲಿನ ನಾಚಾರಂ ಬಡಾವಣೆಯ ಒಂದು ಸಣ್ಣ ಕಾರ್ಖಾನೆಗೆ ನಾನು ಪ್ರೋಗ್ರಾಂ ಬರೆಯುತ್ತಿದ್ದೆ. ಬಿರುಕು ಬಿಟ್ಟ ಬೇರಿಂಗ್ ರಿಂಗುಗಳನ್ನು ಕ್ಯಾಮೆರಾ ನೋಡಿ ಗುರುತಿಸಬೇಕು. ಅದು ಕೈಗೂಡಿದರೆ, ರಿಂಗು ಪರೀಕ್ಷಿಸುತ್ತಿದ್ದ ಗದಗಿನ ಹಿರಿಯರು ಕೆಲಸ ಬಿಡಬೇಕಿತ್ತು. ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ವಿಷಯ ಅವರಿಗೂ ಗೊತ್ತಿತ್ತು. ಆದರೂ ಒಳ್ಳೆಯದು, ಕೆಟ್ಟದ್ದು ಎಂದು ಅವರೇ ಬೇರೆ ಮಾಡಿ ಕೊಡುತ್ತಿದ್ದರು. ನಾನು ಫೋಟೊ ತೆಗೆಯುತ್ತಿದ್ದೆ.

ಉದಾಹರಣೆಗಳಿಂದ ಕಲಿಯುವ, ನರಜಾಲಗಳೆಂಬ ಪುಟ್ಟ ಪ್ರೋಗ್ರಾಂಗಳನ್ನು ಕಂಪ್ಯೂಟರಿನೊಳಗೆ ರಾಶಿಯಾಗಿ, ಮನಬಂದಂತೆ ಹುಟ್ಟಿಸುತ್ತಿದ್ದೆ. ಕಾಕಾರ ತೀರ್ಪಿಗೆ ಹತ್ತಿರ ಬಂದವನ್ನು ಇಟ್ಟುಕೊಂಡು ಮಿಕ್ಕವನ್ನು ಅಳಿಸುವುದು. ಇಟ್ಟುಕೊಂಡವನ್ನು ಬೆರೆಸಿ, ಅಲ್ಲಲ್ಲಿ ಸ್ವಲ್ಪ ಬದಲಿಸಿ ಮುಂದಿನ ಪೀಳಿಗೆ ಮಾಡುವುದು. ಏನನ್ನು ನೋಡಬೇಕೆಂದು ನಾನು ಎಲ್ಲೂ ಹೇಳಿರಲಿಲ್ಲ. ಕೆಲವು ವಾರಗಳಲ್ಲಿ ಒಂದು ಜಾಲ ತಪ್ಪು ಮಾಡುವುದನ್ನೇ ನಿಲ್ಲಿಸಿತು.

"ನಿನ್ನ ಕೂಸು ಶಾಣ್ಯಾ ಆತು ಬಿಡವಾ," ಎಂದರು ಕಾಕಾ. ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ.

ಮಾಲೀಕರಿಗೆ ತೋರಿಸುವ ದಿನ, ಕಾಕಾ ಪಾಸು ಮಾಡಿದ್ದ ರಿಂಗುಗಳನ್ನು ಯಾರೋ ಸೀಮೆಎಣ್ಣೆಯಲ್ಲಿ ತೊಳೆದು ಜೋಡಿಸಿದ್ದರು. ಜಾಲ ಒಂದೊಂದಾಗಿ ಎಲ್ಲವನ್ನೂ ಕೆಟ್ಟದ್ದು ಎಂದಿತು.

"ಏನ್ ಕಾಕಾ, ಮಷೀನಿಗೂ ಕಣ್ಕಟ್ಟು ಮಾಡೀರೇನು?" ಎಂದರು ಬೀದರಿನವರಾದ ಮಾಲೀಕರು. "ನೌಕರಿ ಉಳಿಸ್ಕೊಳ್ಳಾಕ ಅದಕ್ಕ ಉಲ್ಟಾ ಪಾಠಾ ಹೇಳೀರಿ."

"ದೇವರಾಣಿ ಇಲ್ರೀ."

ಅವರು ಒಂದು ರಿಂಗು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

ಎರಡು ದಿನ ಹಳೆಯ ಫೋಟೊಗಳನ್ನೇ ನೋಡಿದೆ. ಕೆಟ್ಟ ರಿಂಗುಗಳು ಹೊಳೆಯುತ್ತಿದ್ದವು. ಒಳ್ಳೆಯವುಗಳ ಮೇಲೆ ಎಣ್ಣೆಯ ಮಬ್ಬಿತ್ತು. ಯಾಕೆಂದು ಕಾಕಾರನ್ನು ಕೇಳಿದೆ.

"ಬಿರುಕು ಕಂಡದ್ದನ್ನ ಟವೆಲ್ಲಿಲೆ ಎರಡು ಸಲ ಒರಸಿ ನೋಡ್ತೀನವಾ. ಒಬ್ಬಾಂವ ಲೇತ್ ಮುಂದ ನಿಂತು ಮಾಡಿದ್ದು ಅದು. ಹಂಗ ಒಗದ್ರ ಹೆಂಗ?"

ಅಂದರೆ ಜಾಲ ಬಿರುಕನ್ನು ನೋಡಿರಲೇ ಇಲ್ಲ. ಪೀಳಿಗೆಯಿಂದ ಪೀಳಿಗೆಗೆ ಉಳಿದು ಬಂದದ್ದು ಹೊಳಪನ್ನು ಹಿಡಿಯುವ ಗುಣ; ತೊಳೆದ ಒಳ್ಳೆಯ ರಿಂಗುಗಳೂ ಹೊಳೆದದ್ದರಿಂದ ಅವೂ ಕೆಟ್ಟವಾದವು. ಅದು ಕಲಿತದ್ದನ್ನು ತಪ್ಪು ಎನ್ನಬೇಕೋ ಬೇಡವೋ, ಇಂದಿಗೂ ನನಗೆ ಸ್ಪಷ್ಟವಿಲ್ಲ. ಕಾಕಾರದು ತಪ್ಪಲ್ಲ ಎಂಬುದಷ್ಟೇ ಗೊತ್ತಿತ್ತು. ಒರೆಸಿದ್ದನ್ನೂ ಒರೆಸದ್ದನ್ನೂ ನೋಡದೆ ಹಾಗೇ ಫೋಟೊ ತೆಗೆದ ತಪ್ಪು ನನ್ನದು ಎಂದು ಬರೆದುಕೊಟ್ಟೆ.

ಮಾಲೀಕರು ಓದಿದರು. "ಹಂಗಾದ್ರ ಅದು ಖರೇನ ಕಲಿಯೂತನಾ ಕಾಕಾ ಇರ್ಲಿ."

ಸಂಜೆ ಕಾಕಾ ನನ್ನ ಮೇಜಿನ ಬಳಿ ಬಂದು ನಿಂತರು. "ಇನ್ನೆಷ್ಟು ದಿನಾ ಬೇಕವಾ ಅದಕ್ಕ?"

ನಾನು ಹಳೆಯ ಫೋಟೊಗಳನ್ನೆಲ್ಲ ಅಳಿಸಿದೆ.

"ಇನ್ನ ಮ್ಯಾಲ ಎಲ್ಲಾ ರಿಂಗೂ ತೊಳದು ಕೊಡ್ರಿ, ಕಾಕಾ," ಎಂದೆ.

"ಆತವಾ," ಎಂದು ಅವರು ಬಕೆಟ್ ತರಲು ಹೋದರು.