ಅರ್ಧ ಕ್ಲಚ್ಚಿನ ಉಭಯಕುಶಲೋಪರಿ

ಮೊನ್ನೆ ಮಗನ ಕಾರಿನಲ್ಲಿ ಕೊಟ್ಟಾರದಿಂದ ಪೇಟೆಗೆ ಬರುತ್ತಿದ್ದೆ. ಏರಿನಲ್ಲಿ ಪರಿಚಯದವರೊಬ್ಬರು ಕೈ ಎತ್ತಿದರು. ಇವನು ನಿಲ್ಲಿಸಿದ. ನಿಲ್ಲಿಸಿದ ಎಂದರೆ ನಿಲ್ಲಿಸಲಿಲ್ಲ. ಎಂಜಿನ್ ಗುರುಗುಡುತ್ತಲೇ ಇತ್ತು, ಕಾರು ಮುಂದೆ ಹೋಗದೆ, ಹಿಂದೆ ಜಾರದೆ ಏರಿನಲ್ಲಿ ತೂಗಾಡುತ್ತಿತ್ತು. ಇವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರ ಹೆಂಡತಿಯ ಮಂಡಿನೋವು ವಿಚಾರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಆ ವಾಸನೆ ಬಂತು. ಸೀದ ಕೂದಲು, ಸುಟ್ಟ ಗೋಣಿ ಎರಡೂ ಸೇರಿದ ಹಾಗೆ. ಕಾರು ಇಟ್ಟುಕೊಂಡವರಾದರೆ ನಿಮಗೂ ಅದರ ಪರಿಚಯ ಇದ್ದೀತು. ಬೇರೆ ಹೆಂಗಸರಿಗೆ ಮಲ್ಲಿಗೆಯ ವಾಸನೆಗೆ ಗಂಡನ ನೆನಪಾಗುತ್ತದಂತೆ. ನನಗೆ ಕ್ಲಚ್ಚು ಸೀದ ವಾಸನೆಗೆ ಆಗುತ್ತದೆ. ಅವರವರ ಹಣೆಬರಹ, ಏನು ಮಾಡುವುದು!

ನನ್ನ ಗಂಡ ವಕೀಲರು. ಮನೆ ಬೋಳಾರದಲ್ಲಿ, ಹೊಳೆಗೆ ಹತ್ತಿರ. ಮದುವೆಯಾಗಿ ಹೆಚ್ಚು ಕಾಲ ಆಗಿರಲಿಲ್ಲ, ಘಟ್ಟದ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಊರಿಗೆ ವಾಪಸು ಹೋಗುವಾಗ ಮಾರಿದ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದರು. ಎರಡೇ ಸೀಟು, ನೆಲದ ಮೇಲೆ ಕೂತ ಹಾಗೆ ಕೂರಬೇಕು. ಮೇಲೆ ಕ್ಯಾನ್ವಾಸಿನ ಮಾಡು. ಮಳೆಗಾಲದಲ್ಲಿ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕೋರ್ಟಿಗೆ ಹೋಗುವವನಿಗೆ ರೇಸಿನ ಕಾರು ಎಂತಕ್ಕೆ ಎಂದು ಅತ್ತೆ ಕೇಳಿದರೆ, "ಬೇಗ ಹೋಗ್ಲಿಕ್ಕೆ" ಎಂದರು. ಬೇಗ ಹೋದದ್ದನ್ನು ನಾನಂತೂ ಕಾಣಲಿಲ್ಲ.

ಯಾಕೆಂದರೆ ಗೇಟಿನಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಅವರಿಗೆ ಮಾತಾಡಿಸದೆ ದಾಟಲಿಕ್ಕೆ ಬರುತ್ತಿರಲಿಲ್ಲ. ಆದರೆ ಇಳಿಯುವ ಹಾಗೂ ಇಲ್ಲ. ನಮ್ಮ ಊರಿನ ಕ್ರಮ ನಿಮಗೆ ಗೊತ್ತುಂಟಲ್ಲ, ಅಂಗಳಕ್ಕೆ ಕಾಲಿಟ್ಟವನಿಗೆ ಬೆಲ್ಲ, ನೀರು ಬರುತ್ತದೆ. ಅದು ಬಂದ ಮೇಲೆ ಕೂರಬೇಕು, ಕೂತ ಮೇಲೆ ಕಾಫಿ, ಆಮೇಲೆ ಮನೆಯ ಪಾಲಿನ ತಗಾದೆ. ವಕೀಲರು ಪುಕ್ಕಟೆ ಸಿಕ್ಕಿದರೆ ಯಾರು ಬಿಡುತ್ತಾರೆ! ಎಂಜಿನ್ ಬಂದ್ ಮಾಡಿದರೆ ಇಳಿದ ಲೆಕ್ಕ. ಹ್ಯಾಂಡ್‌ಬ್ರೇಕು ಕರ್ರ್ ಎಂದು ಎಳೆದರೂ ಅಷ್ಟೆ, ಒಳಗಿನ ಹೆಂಗಸರು ಆ ಶಬ್ದಕ್ಕೇ ಬೆಲ್ಲದ ಡಬ್ಬ ತೆಗೆಯುತ್ತಿದ್ದರು. ಅದಕ್ಕೆ ಇವರು ಕಂಡುಕೊಂಡ ಉಪಾಯ ಅರ್ಧ ಕ್ಲಚ್ಚು. ಕ್ಲಚ್ಚನ್ನು ಅರ್ಧ ಒತ್ತಿ, ಎಂಜಿನ್ ಗುರುಗುಡಿಸಿ, ಕಾರನ್ನು ಚಡಾವಿನಲ್ಲೇ, ಎಂದರೆ ಏರಿನಲ್ಲೇ, ತೂಗಾಡಿಸುತ್ತಾ ಉಭಯಕುಶಲೋಪರಿ ಮುಗಿಸಿ, "ಹೊರಟೆ ಮಾರಾಯ, ಕೋರ್ಟು ಉಂಟು" ಎನ್ನುವುದು. ಮಂಗಳೂರಿನಲ್ಲಿ ಚಡಾವಿಗೆ ಬರವೇ? ಚಡಾವಿದ್ದಲ್ಲೆಲ್ಲ ಗೇಟು, ಗೇಟಿದ್ದಲ್ಲೆಲ್ಲ ಪರಿಚಯ.

ಕಾರಿನ ಕಾಯಿಲೆ ಮೊದಲು ತಿಳಿದದ್ದು ನನಗೆ. ಗುಡ್ಡ ಹತ್ತುವಾಗ ಇವರು ಆಕ್ಸಿಲರೇಟರ್ ತುಳಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತಿತ್ತು, ರಸ್ತೆ ಬದಿಯ ಮರಗಳು ಮಾತ್ರ ಮೊದಲಿನಷ್ಟೇ ನಿಧಾನವಾಗಿ ಹಿಂದೆ ಹೋಗುತ್ತಿದ್ದವು. ನನ್ನ ಹೊಲಿಗೆ ಮೆಷಿನ್ನಿನ ತೊಗಲಿನ ಬೆಲ್ಟು ಸಡಿಲವಾದರೆ ಹಾಗೆಯೇ; ತುಳಿದಷ್ಟೂ ಕೆಳಗಿನ ಗಾಲಿ ತಿರುಗುತ್ತದೆ, ಸೂಜಿ ಮಾತ್ರ ಸೋಮಾರಿ. ಹಾಗೆಂದು ಹೇಳಿದೆ.

"ಇದು ನಿನ್ನ ಹೊಲಿಗೆ ಮೆಷಿನ್ ಅಲ್ಲ ಮಾರಾಯ್ತಿ. ಪೆಟ್ರೋಲಿನಲ್ಲಿ ಕಸ ಉಂಟು" ಎಂದರು.

ಬೇರೆ ಸಮಯದಲ್ಲಾದರೆ ಬಿಡುತ್ತಿದ್ದೆ. ಆದರೆ ಆಗ ನಾನು ಬಸುರಿ. ಮೊದಲನೆಯ ಮಗು ತವರಿನಲ್ಲಿ, ಹೊಳೆಯ ಆಚೆ ಹುಟ್ಟಿತ್ತು. ನೆರೆ ಬಂದು ದೋಣಿ ನಿಂತು, ಡಾಕ್ಟರರು ದಾಟುವಷ್ಟರಲ್ಲಿ ತೀರಿಕೊಂಡಿತ್ತು. ಈ ಸಲ ಗುಡ್ಡದ ಮೇಲಿನ ಆಸ್ಪತ್ರೆಗೇ ಹೋಗಬೇಕು, ನೋವು ಕಂಡ ಕೂಡಲೇ ಹೊರಡಬೇಕು ಎಂದು ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ದಿನ ತುಂಬುವುದು ನಡು ಮಳೆಗಾಲದಲ್ಲಿ. ಆ ಚಡಾವಿನ ಕೆಸರಿನಲ್ಲಿ ಜಟಕಾದ ಕುದುರೆ ಮೊಣಕಾಲೂರುವುದನ್ನು ನಾನೇ ಕಂಡಿದ್ದೆ. ಇದ್ದದ್ದು ಈ ಕಾರು ಒಂದೇ. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹಟ ಹಿಡಿದು ಅತ್ತಾವರದ ಪಾಸ್ಕಲನ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಪಾಸ್ಕಲ್ ಕೊಂಕಣಿಯಲ್ಲಿ ಬೈಯುತ್ತ, ಕನ್ನಡದಲ್ಲಿ ಮಾತಾಡುತ್ತ ಕೆಲಸ ಮಾಡುವ ಮನುಷ್ಯ. ಹ್ಯಾಂಡ್‌ಬ್ರೇಕು ಬಲವಾಗಿ ಎಳೆದು, ಟಾಪ್ ಗೇರಿಗೆ ಹಾಕಿ, ಎಂಜಿನ್ ಓಡುತ್ತಿರುವಾಗಲೇ ಕ್ಲಚ್ಚು ಬಿಟ್ಟ. ಗಟ್ಟಿ ಕ್ಲಚ್ಚಾದರೆ ಎಂಜಿನ್ ಅಲ್ಲೇ ಉಸಿರು ನಿಲ್ಲಿಸಬೇಕು. ನಮ್ಮದು ನಡುಗಿತು, ಗೊಣಗಿತು, ಆಮೇಲೆ ನಿಂತಿತು.

"ನೋಡಿ, ಸಾಯ್ಲಿಕ್ಕೆ ಯೋಚನೆ ಮಾಡ್ತಾ ಉಂಟು" ಎಂದ. "ಕ್ಲಚ್ಚಿನ ಪ್ಲೇಟು ಪೂರ್ತಿ ಸವೆದು ಹೋಗ್ಲಿಲ್ಲ, ಸುರು ಆಗಿದೆ ಅಷ್ಟೆ. ಇಷ್ಟು ಬೇಗ ಯಾಕೆ ಅಂತ ನಂಗೆ ಗೊತ್ತಾಗುದಿಲ್ಲ. ನೀವು ಗುಡ್ಡದಲ್ಲಿ ಕಾರು ಹೇಗೆ ನಿಲ್ಲಿಸ್ತೀರಿ?"

"ಎಲ್ಲರ ಹಾಗೆ" ಎಂದರು ವಕೀಲರು.

"ನಿಲ್ಲಿಸುವುದೇ ಇಲ್ಲ" ಎಂದೆ ನಾನು. ಗೇಟು ಗೇಟಿನ ಹೆಸರು ಹೇಳಿ ಸಾಕ್ಷಿ ನುಡಿದೆ. ಇವರು ಪಾಟೀಸವಾಲಿಗೆ ಏಳುವ ಮೊದಲೇ ಪಾಸ್ಕಲ್, "ಅರ್ಧ ಕ್ಲಚ್ಚಿನಲ್ಲಿ ನಿಂತರೆ ಪ್ಲೇಟು ಉಜ್ಜಿ ಸೀಯುದಿಲ್ವಾ?" ಎಂದ.

ಪಾಸ್ಕಲ್ ಪೆಡಲನ್ನು ಸರಿಹೊಂದಿಸಿ ಕೊಟ್ಟ. ಹೊಸ ಪ್ಲೇಟು ಮಾತ್ರ ಬೊಂಬಾಯಿಯಿಂದ ಹಡಗಿನಲ್ಲಿ ಬರಬೇಕು. ಮಳೆ ಹಿಡಿಯಿತೆಂದರೆ ಬಂದರಿಗೆ ಹಡಗೇ ಬರುವುದಿಲ್ಲ. "ಇದರಲ್ಲೇ ಮಳೆಗಾಲ ಕಳೀಬಹುದು" ಎಂದ, "ಗೇಟಿನಲ್ಲಿ ಮಾತಾಡದಿದ್ದರೆ."

ಪಥ್ಯ ಹೇಳುವುದು ಸುಲಭ. ನನ್ನ ಗಂಡನಿಗೆ ಮಾತು ಬಿಡುವುದೆಂದರೆ ಬೇರೆಯವರಿಗೆ ಮೀನು ಬಿಟ್ಟ ಹಾಗೆ. ಕೋರ್ಟಿಗೆ ನಡೆದೇ ಹೋಗತೊಡಗಿದರು. ಗೇಟು ಗೇಟಿನಲ್ಲಿ ನಿಂತು ಮಾತಾಡಿಕೊಂಡು ಹೋದರು, ಅದು ಬೇರೆ ಮಾತು. ಕಾರು ಕೊಟ್ಟಿಗೆಯಲ್ಲಿ ನನ್ನ ಹೊಟ್ಟೆಗಾಗಿ ಕಾದು ಕೂತಿತು.

ನೋವು ಬಂದದ್ದು ಬೆಳಗಿನ ಗಂಜಿಯ ಹೊತ್ತಿಗೆ, ಜಡಿಮಳೆಯಲ್ಲಿ. ಹೊರಟೆವು. "ವಕೀಲ್ರೇ!" ಎಂದು ಒಬ್ಬರು ಕೂಗಿದರು, ಇವರು ತಿರುಗಲಿಲ್ಲ. ಇನ್ನೊಬ್ಬರು ಕೊಡೆ ಎತ್ತಿದರು, ನೋಡಲಿಲ್ಲ. ಅತ್ತಾವರ ದಾಟಿ ಚಡಾವು ಹತ್ತುವಾಗ ಎಂಜಿನ್ ಬೊಬ್ಬೆ ಸುರುಮಾಡಿತು. "ಆಕ್ಸಿಲರೇಟರ್ ಸಡಿಲ ಬಿಡಿ, ತುಳಿಯಬೇಡಿ" ಎಂದೆ ಹಲ್ಲು ಕಚ್ಚಿಕೊಂಡು. ಬಿಟ್ಟರು. ಕ್ಲಚ್ಚು ಹಿಡಿಯಿತು. ನಡು ಚಡಾವಿನಲ್ಲಿ ಅತ್ತಿಗೆಯ ಮನೆ. ಇವರ ಸ್ವಂತ ಅಕ್ಕ, ತಾಯಿಯ ಹಾಗೆ ಸಾಕಿದವರು. ಮಳೆಗೆ ಓಲೆಯ ಗೊರಬೆ ಹೊದ್ದು, ರಸ್ತೆಗೇ ಬಂದು ಎರಡೂ ಕೈ ಎತ್ತಿ ನಿಂತಿದ್ದರು.

"ಅಕ್ಕ ಅಲ್ವಾ ಅದು?"

"ಹೌದು."

"ನೀನು ನೋಡ್ಬೇಡ. ನಾನೂ ನೋಡುದಿಲ್ಲ" ಎಂದರು. ಅವರ ಗಲ್ಲದ ಮೇಲೆ ಇಳಿದದ್ದು ಮಾಡಿನಿಂದ ಸೋರಿದ ಮಳೆನೀರೇ ಎಂದು ಆಮೇಲೆ ವಾದಿಸಿದರು. ವಕೀಲರಲ್ಲವೇ.

ಕಾರು ಮೇಲೆ ಮುಟ್ಟಿತು. ಮಗು, ಈಗಿನ ಈ ಮಗನೇ, ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಯಾಗಿ ಹುಟ್ಟಿತು. ಡಾಕ್ಟರಮ್ಮ ಬಿಡಿಸಿದರು, ತಟ್ಟಿದರು, ಅದು ಅತ್ತಿತು. ಸ್ವಲ್ಪ ತಡವಾಗಿದ್ದರೆ ಎಂದು ಅವರು ಹೇಳಲು ಹೊರಟರು. ಸಾಕು ಎಂದು ಕೈ ಸನ್ನೆ ಮಾಡಿದೆ.

ಅತ್ತಿಗೆ ತೊಟ್ಟಿಲಿಗೆ ಹಾಕುವ ದಿನ ಬರಲಿಲ್ಲ. "ನನ್ನ ಗೇಟಿನಲ್ಲಿ ನಿಲ್ಲದ ಕಾರು" ಎಂದು ಊರೆಲ್ಲ ಹೇಳಿದರಂತೆ. ಮತ್ತೆ ಸರಿಯಾಯಿತು, ಮಗುವನ್ನು ಎತ್ತಿ ಆಡಿಸಿದರು. ಮಳೆ ಬಿಟ್ಟು ಹೊಸ ಪ್ಲೇಟು ಬಂದ ಮೇಲೆ ಇವರೂ ಹಳೆಯ ಚಾಳಿಗೆ ಬಿದ್ದರು. ಆ ಗೇಟಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ತೂಗಾಡಿಕೊಂಡು, "ಬರುವ ಸಲ ಇಳಿದು ಬೆಲ್ಲ ನೀರು ಕುಡೀತೇನೆ ಅಕ್ಕ" ಎನ್ನುತ್ತಿದ್ದರು. ಆ ಬರುವ ಸಲ ಬರುವ ಮೊದಲೇ ಒಂದು ದಿನ ಕೋರ್ಟಿನಲ್ಲಿ ಕುಸಿದು ಹೋಗಿಬಿಟ್ಟರು.

ಮೊನ್ನೆ ಆ ವಾಸನೆ ಬಂದಾಗ ಮಗನಿಗೆ ಬೈಯಲು ಬಾಯಿ ತೆರೆದೆ, ಬೈಯಲಾಗಲಿಲ್ಲ. ಯಾರೂ ಕಲಿಸದೆ ಬಂದ ವಿದ್ಯೆ, ಅಪ್ಪನದೇ ಕಾಲು. "ಅತ್ತಾವರದ ಚಡಾವಿನ ಮೇಲೆ ಹೋಗು" ಎಂದೆ. "ಈಗ ಎಂತಕ್ಕಮ್ಮ? ನಂಗೆ ತಡ ಆಗ್ತದೆ" ಎಂದ. ಹೋಗು ಎಂದೆ.

ಅತ್ತಿಗೆಗೆ ಈಗ ಕಣ್ಣು ಮಂಜು. ಮೊಮ್ಮಕ್ಕಳ ಗದ್ದಲದ ನಡುವೆ ಜಗಲಿಯಲ್ಲಿ ಕೂತಿರುತ್ತಾರೆ. ಗೇಟಿನ ಮುಂದೆ ಇವನು ಅಭ್ಯಾಸದಂತೆ ಕಾರನ್ನು ತೂಗಾಡಿಸುತ್ತಾ, "ಅತ್ತೇ, ಸೌಖ್ಯವಾ?" ಎಂದ. ನಾನು ಕೈ ಚಾಚಿ ಹ್ಯಾಂಡ್‌ಬ್ರೇಕು ಎಳೆದೆ. ಕರ್ರ್ ಎಂದಿತು. "ಬಂದ್ ಮಾಡು ಎಂಜಿನ್" ಎಂದೆ.

ಗದ್ದಲದಲ್ಲೂ ಅತ್ತಿಗೆಗೆ ಆ ಶಬ್ದ ಕೇಳಿಸಿತು. ತಲೆ ಎತ್ತಿದರು.

"ಎಂತ ಮಾರಾಯ್ತಿ, ನಿಂತಿತಾ ನಿಮ್ಮ ಕಾರು?"

"ನಿಂತಿತು ಅತ್ತಿಗೆ" ಎಂದೆ.

ಅವರು ಗೋಡೆ ಹಿಡಿದು ಎದ್ದು ಬೆಲ್ಲ ತರಲು ತಾವೇ ಒಳಗೆ ಹೋದರು. ನಾನು ಚಪ್ಪಲಿ ಬಿಚ್ಚಿ ಜಗಲಿಯಲ್ಲಿ ಕೂತೆ.